ಸವೆದ ಮೊನೆಗಳಿಗೆ

ಫೆಬ್ರವರಿ ಎಂಟು. ನೆರಿಮಾದ ರೈಲುಹಳಿಯ ಪಕ್ಕ
ಮೂರನೇ ಮಹಡಿಯ ಸ್ಟುಡಿಯೋದಲ್ಲಿ
ಚಿಗುಸಾ ಮೇಜಿನ ಮೇಲೊಂದು ತಟ್ಟೆ ಇಟ್ಟಳು,
ತಟ್ಟೆಯಲ್ಲಿ ಈಗಷ್ಟೇ ತಂದ ಬಿಳಿಯ ತೋಫು.
ನೀರು ಇನ್ನೂ ಜಿನುಗುತ್ತಿತ್ತು.
ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಮುಖದ ಮೇಲೂ
ಅವರವರ ಪರದೆಯ ಬೆಳಕು.

ಅವಳ ಅಜ್ಜಿ ಕಿಮೋನೊ ಹೊಲಿಯುತ್ತಿದ್ದವಳು.
ಮುರಿದ, ಡೊಂಕಾದ ಸೂಜಿಗಳನ್ನು ವರ್ಷವಿಡೀ ಕೂಡಿಟ್ಟು
ಈ ದಿನ ತೋಫುವಿಗೆ ಚುಚ್ಚಿ ಕೈಮುಗಿಯುವಳು:
ಗಟ್ಟಿ ಬಟ್ಟೆ ಹಾಯ್ದು ಹಾಯ್ದು ದಣಿದಿವೆ ಪಾಪ,
ಇವತ್ತೊಂದು ದಿನ ಮೆತ್ತಗೆ ಮಲಗಲಿ.

ಚಿಗುಸಾಳ ಬಳಿ ಸೂಜಿಯಿಲ್ಲ.
ಇರುವುದು ಪ್ಲಮ್ ಉಪ್ಪಿನಕಾಯಿಯ ಖಾಲಿ ಸೀಸೆ,
ಅದರೊಳಗೆ ಅಕ್ಕಿಕಾಳಿಗಿಂತ ತುಸು ಉದ್ದದ
ಕಪ್ಪು ಪ್ಲಾಸ್ಟಿಕ್ ಮೊನೆಗಳು:
ಟ್ಯಾಬ್ಲೆಟ್ಟಿನ ಪೆನ್ನಿನಿಂದ ಚಿಮುಟದಲ್ಲಿ ಕಿತ್ತವು,
ಈ ವರ್ಷ ಮೂವತ್ತೊಂದು.

ಅವಳ ಕೆಲಸ ನಡುವಿನ ಚಿತ್ರ ಬರೆಯುವುದು.
ಮುಖ್ಯ ಚಿತ್ರಕಾರ ಎರಡು ಕೊಡುತ್ತಾನೆ:
ಹುಡುಗಿಯ ಕೈ ಮಡಿಲಲ್ಲಿ. ಹುಡುಗಿಯ ಕೈ ಕೂದಲಲ್ಲಿ.
ಮಡಿಲಿಗೂ ಕೂದಲಿಗೂ ನಡುವೆ
ಕೈ ಎಲ್ಲೆಲ್ಲಿತ್ತೆಂದು ಬಲ್ಲವಳು ಇವಳೊಬ್ಬಳೇ.
ಐದು ಚಿತ್ರ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು.
ನೋಡುವವರಿಗೆ ಕೈ ಕಾಣಬೇಕು, ಚಿತ್ರ ಕಾಣಬಾರದು;
ಕಂಡರೆ ಅವಳು ಸೋತ ಹಾಗೆ.

ಮೊದಲು ಕಾಗದವಿತ್ತು, ಕೆಳಗೆ ದೀಪ ಉರಿಯುವ ಗಾಜು.
ಸಂಜೆಯ ಹೊತ್ತಿಗೆ ಅಂಗೈ ಅಂಚಿಗೆಲ್ಲ ಸೀಸದ ಮಸಿ,
ತೊಡೆಯ ಮೇಲೆ ರಬ್ಬರಿನ ಹಿಟ್ಟು.
ಈಗ ಮನೆಗೆ ಹೋಗಿ
ಕೈ ತೊಳೆಯಲು ಕಾರಣವೇ ಇಲ್ಲ.
ತಪ್ಪಿದ ಗೆರೆ ಎರಡು ಬೆರಳು ತಟ್ಟಿದರೆ
ಹುಟ್ಟಲೇ ಇಲ್ಲವೆಂಬಂತೆ ಹೋಗುತ್ತದೆ.
ಹಾಗೆ ಹೋದ ಗೆರೆಗಳ ಲೆಕ್ಕ
ಇಟ್ಟದ್ದು ಈ ಮೊನೆ ಮಾತ್ರ:
ಉಳಿದ ಗೆರೆಗೂ ಅಳಿದ ಗೆರೆಗೂ
ಒಂದೇ ಸಮ ಸವೆದಿದೆ.

ಒಂದೊಂದಾಗಿ ಚುಚ್ಚಿದಳು.
ಎಲ್ಲವೂ ಒಂದೇ ಓರೆ, ಬಡಗಿಯ ಉಳಿಯ ಬಾಯಿಯ ಹಾಗೆ.
ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು.
ಸೀಸೆಯ ತಳದಲ್ಲಿ ಇನ್ನೊಂದು.
ಅರ್ಧಕ್ಕರ್ಧ ಇಲ್ಲ ಅದು. ಅಂಚು ಉಗುರಿನಂತೆ ಸುರುಳಿ.

ಉಶಿಯೋ.
ಹೀಗೆ ಸವೆಸುವವನು ಅವನೊಬ್ಬನೇ.
ಪಕ್ಕದ ಮೇಜು. ಒತ್ತಿ ಒತ್ತಿ ಬರೆದು ಗಾಜಿಗೇ ಗೀರು ಬೀಳಿಸಿದವ.
ಕಾಗದವಾಗಿದ್ದರೆ ಹರಿದೇ ಹೋಗುತ್ತಿತ್ತು ಕಣೋ ಎಂದರೆ
ಅದಕ್ಕೇ ಗಾಜು ಕೊಟ್ಟಿದ್ದಾರೆ ಎನ್ನುತ್ತಿದ್ದ.
ಒಮ್ಮೆ, ಒಂದು ಚಿತ್ರಕ್ಕೆ ಸಿಗುವ ಕೂಲಿಗೆ
ಎಷ್ಟು ಅಕ್ಕಿಯುಂಡೆ ಬರುತ್ತದೆಂದು
ಪರದೆಯ ಮೇಲೇ ಉಂಡೆ ಬರೆದು ತೋರಿಸಿದ್ದ,
ಕೊನೆಯ ಉಂಡೆ ಕಚ್ಚಿದ್ದು.
ಸೆಪ್ಟೆಂಬರಿನಲ್ಲಿ ಹೊರಟುಹೋದ, ಕುರೆಯ ಕಡಲಿಗೆ,
ಮಾವನ ಸಿಂಪಿ ಬೆಳೆಸುವ ತೆಪ್ಪಗಳಿಗೆ.
ಆ ಸಂಜೆ ಅವನ ಪೆನ್ನಿನಿಂದ
ಇದನ್ನು ಕಿತ್ತವಳು ತಾನೇ.

ಹೊಸವರ್ಷಕ್ಕೆ ಕಾರ್ಡು ಬಂದಿತ್ತು.
ಒಂದು ಸಿಂಪಿ, ನಿಜವಾದ ಶಾಯಿ, ಒಂದೇ ಗೆರೆ.
ತಿರುವಿನಲ್ಲಿ ಕಾಗದ ತೂತು.

ಚುಚ್ಚಲೋ ಬೇಡವೋ ಎಂದು
ಸ್ವಲ್ಪ ಹೊತ್ತು ಬೆರಳ ತುದಿಯಲ್ಲಿ ಹಿಡಿದು ಕೂತಳು.
ಆಮೇಲೆ ತನ್ನ ಪೆನ್ನಿಗೇ ಸಿಕ್ಕಿಸಿ
ಗೆರೆಯೊಂದು ಎಳೆದಳು. ಗಾಜು ಕೀಚೆಂದಿತು,
ಮಣಿಕಟ್ಟಿನವರೆಗೂ ಒರಟು ಹತ್ತಿತು.
ಪರದೆಯಲ್ಲಿ ಮಾತ್ರ ಗೆರೆ ಎಂದಿನಂತೆ ನುಣುಪು.
ಯಂತ್ರಕ್ಕೆ ಗುರುತು ಸಿಗಲಿಲ್ಲ.

ತಟ್ಟಲು ಎರಡು ಬೆರಳು ಎತ್ತಿದಳು,
ತಟ್ಟಲಿಲ್ಲ. ಗೆರೆ
ಮೂರನೇ ಚಿತ್ರದ ಮೊಣಕೈಯಾಯಿತು.

ಮಧ್ಯಾಹ್ನ ಕಡತ ಕೇಳಲು ಬಂದ ಹೋಜುಮಿ
ತಟ್ಟೆ ನೋಡಿ ನಿಂತ. ಇದೇನು, ಮುಳ್ಳುಹಂದಿಯೇ?
ಹೌದು, ನಿದ್ದೆ ಮಾಡುತ್ತಿದೆ, ಎಂದಳು.
ಐದು ನಿಮಿಷ ಕೊಡು.
ನಾಲ್ಕನೆಯದು ಬಾಕಿ, ಐದನೆಯದು ಬಾಕಿ.
ಕೈ ಇನ್ನೂ ಕೂದಲು ಮುಟ್ಟಿಲ್ಲ.